ಸಾಕುನಾಯಿಯನ್ನು ಹೊರಗೆ ಕಟ್ಟುವುದು: ಕಾನೂನಿನ ಮಿತಿ, ಸರಿಯಾದ ಕ್ರಮ, ದೂರು ಕೊಡುವ ದಾರಿ

ತೋಟದ ಮನೆಗಳಲ್ಲಿ ನಾಯಿಯನ್ನು ಹಗಲೆಲ್ಲ ಕಟ್ಟಿ ರಾತ್ರಿ ಬಿಡುತ್ತಾರೆ. ಊರೊಳಗಿನ ಮನೆಗಳಲ್ಲಿ ಹಿತ್ತಲ ಸೀಬೆ ಮರಕ್ಕೋ ಕೊಟ್ಟಿಗೆಯ ಕಂಬಕ್ಕೋ ಕಟ್ಟುತ್ತಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಾದರೆ ಗೇಟಿನ ಸರಳಿಗೆ, ಇಲ್ಲವೇ ಕಾರು ನಿಲ್ಲಿಸುವ ಜಾಗದ ಪೈಪಿಗೆ. "ಎಲ್ಲರೂ ಹೀಗೇ ಕಟ್ಟೋದು, ಇದಕ್ಕೂ ಒಂದು ಕಾನೂನು ಇದೆಯಾ?" ಎಂದು ಕೇಳುವವರು ಬಹಳ ಮಂದಿ. ಇದೆ, 1960ರಿಂದಲೂ ಇದೆ. ಅದು ನಾಯಿಯನ್ನು ಕಟ್ಟಲೇಬಾರದು ಎನ್ನುವುದಿಲ್ಲ. ಎಷ್ಟು ಹೊತ್ತು ಕಟ್ಟಿದಿರಿ, ಎಂಥ ಸರಪಳಿಯಲ್ಲಿ ಕಟ್ಟಿದಿರಿ, ನಡುನಡುವೆ ಬಿಚ್ಚಿ ಓಡಾಡಿಸಿದಿರಾ, ನೀರು ನೆರಳು ಕೊಟ್ಟಿರಾ ಎಂದು ಕೇಳುತ್ತದೆ.

ಈ ಬರಹದ ಮೊದಲ ಭಾಗ ನಾಯಿ ಸಾಕಿದವರಿಗೆ, ಕೊನೆಯ ಭಾಗ ಪಕ್ಕದ ಮನೆಯ ನಾಯಿ ವರ್ಷಗಟ್ಟಲೆ ಸರಪಳಿಯಲ್ಲೇ ಇರುವುದನ್ನು ನೋಡಿ ಸಂಕಟಪಡುವವರಿಗೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸರಪಳಿ ಎಂಬುದು ಸ್ವಲ್ಪ ಹೊತ್ತಿನ ಅಗತ್ಯಕ್ಕೆ ಇರುವ ಸಾಧನ. ನಾಯಿಯ ಇಡೀ ಬದುಕು ಅದರ ತುದಿಯಲ್ಲಿ ಕಳೆಯುವಂತೆ ಮಾಡುವುದು ಹಿಂಸೆ. ಕಾಯ್ದೆಯನ್ನು ಗಮನವಿಟ್ಟು ಓದಿದರೆ ಅದು ಹೇಳುವುದೂ ಇದನ್ನೇ.

ಹಂತ 1: ಕಾಯ್ದೆ ಏನು ಹೇಳುತ್ತದೆ ಎಂದು ಸರಿಯಾಗಿ ತಿಳಿಯಿರಿ

ನಮಗೆ ಬೇಕಾದದ್ದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960. ಇದು ಇಡೀ ದೇಶಕ್ಕೆ ಅನ್ವಯಿಸುತ್ತದೆ. ಅದರ 11ನೇ ಕಲಂನ ಮೊದಲ ಉಪಕಲಂನಲ್ಲಿ ಕ್ರೌರ್ಯದ ಪಟ್ಟಿಯೇ ಇದೆ. ಕಟ್ಟುವ ವಿಚಾರಕ್ಕೆ ಅದರಲ್ಲಿ ಮೂರು ಖಂಡಗಳು ಮುಖ್ಯ.

ಮೊದಲನೆಯದು ಎಫ್ ಖಂಡ. ಅನುಚಿತವಾಗಿ ಗಿಡ್ಡವಾದ ಅಥವಾ ಅನುಚಿತವಾಗಿ ಭಾರವಾದ ಸರಪಳಿಯಲ್ಲೋ ಹಗ್ಗದಲ್ಲೋ ಯಾವುದೇ ಪ್ರಾಣಿಯನ್ನು ಅನುಚಿತವೆನಿಸುವಷ್ಟು ಹೊತ್ತು ಕಟ್ಟಿಡುವುದು ಅಪರಾಧ. ಇಲ್ಲೊಂದು ಸೂಕ್ಷ್ಮ ಇದೆ. ಹೊತ್ತು ಹೆಚ್ಚಾಗಿರಬೇಕು, ಜೊತೆಗೆ ಸರಪಳಿ ಗಿಡ್ಡವೋ ಭಾರವೋ ಆಗಿರಬೇಕು. ಹಾಗಾದರೆ ಉದ್ದನೆಯ ಹಗುರ ಹಗ್ಗದಲ್ಲಿ ದಿನವಿಡೀ ಕಟ್ಟಿದರೆ ಪರವಾಗಿಲ್ಲವೇ ಎಂದು ಕೇಳಬಹುದು. ಅದಕ್ಕೆ ಉತ್ತರ ಜಿ ಖಂಡದಲ್ಲಿದೆ, ಅದು ನಾಯಿಗೆಂದೇ ಬರೆದ ಮಾತು: ರೂಢಿಯಾಗಿ ಸರಪಳಿಯಲ್ಲಿ ಅಥವಾ ಇಕ್ಕಟ್ಟಿನಲ್ಲಿ ಇಡುವ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದ, ಕೊಡಿಸದ ಮಾಲೀಕ ತಪ್ಪಿತಸ್ಥ. ಸರಪಳಿ ಎಷ್ಟೇ ಉದ್ದವಿರಲಿ, ದಿನಾ ಕಟ್ಟುವ ನಾಯಿಯನ್ನು ಓಡಾಡಿಸದಿದ್ದರೆ ಈ ಖಂಡಕ್ಕೆ ಸಿಕ್ಕಿಬೀಳುತ್ತೀರಿ. ಮೂರನೆಯದು ಎಚ್ ಖಂಡ: ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು.

ಇದೇ ಕಾಯ್ದೆಯ 2ನೇ ಕಲಂ ಪ್ರಕಾರ ಪ್ರಾಣಿಯನ್ನು ತನ್ನ ವಶದಲ್ಲಿ ಇಟ್ಟುಕೊಂಡವನೂ ಮಾಲೀಕನೇ. ಎಸ್ಟೇಟಿನ ರೈಟರು, ತೋಟ ನೋಡಿಕೊಳ್ಳುವವರು, ಬೀದಿನಾಯಿಯೊಂದನ್ನು ಹಿಡಿದು ಕಾಂಪೌಂಡಿನಲ್ಲಿ ಕಟ್ಟಿಕೊಂಡವರು, "ನಾಯಿ ನಮ್ದಲ್ಲ, ಓನರ್ದು" ಎನ್ನುವ ಬಾಡಿಗೆದಾರರು ಎಲ್ಲರೂ ಇದರೊಳಗೆ ಬರಬಹುದು.

ಶಿಕ್ಷೆಯ ಮೊತ್ತ ಕೇಳಿದರೆ ನಿಮಗೆ ನಿರಾಶೆಯಾಗುತ್ತದೆ. ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ತಪ್ಪು ಮಾಡಿದರೆ 25ರಿಂದ 100 ರೂಪಾಯಿ ದಂಡ, ಅಥವಾ 3 ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಒಂದು ಮೂಕಪ್ರಾಣಿಯ ನರಳಾಟಕ್ಕೆ ಒಂದು ಊಟದ ಬೆಲೆಗಿಂತ ಕಡಿಮೆ ದಂಡ ಇರುವುದು ನಾಚಿಕೆಗೇಡು. ಆದರೂ ಈ ಕಾಯ್ದೆಯ ನಿಜವಾದ ಬಲ ದಂಡದಲ್ಲಿ ಇಲ್ಲ. ನಾಯಿಯನ್ನು ವಶಕ್ಕೆ ಪಡೆಯುವ ಅಧಿಕಾರದಲ್ಲಿದೆ. ಅದನ್ನು ಕೊನೆಯ ಎರಡು ಹಂತಗಳಲ್ಲಿ ಹೇಳುತ್ತೇನೆ.

ಕಟ್ಟದೆ ಬಿಟ್ಟರೂ ಹೊಣೆ ತಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಪ್ರಾಣಕ್ಕೋ ದೇಹಕ್ಕೋ ಗಂಭೀರ ಅಪಾಯ ಆಗದಂತೆ ನೋಡಿಕೊಳ್ಳದವರಿಗೆ 6 ತಿಂಗಳವರೆಗೆ ಸೆರೆವಾಸ, 5000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹಾಗಾಗಿ "ಕಾನೂನು ಕಟ್ಟಬಾರದು ಅನ್ನುತ್ತೆ" ಎಂದು ಗೇಟು ತೆರೆದು ಬಿಡುವುದೂ ತಪ್ಪು. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಗೊತ್ತಿರಲಿ: ನಾಯಿ ಸಾಕುವುದನ್ನು ಸಂಘದವರು ನಿಷೇಧಿಸುವಂತಿಲ್ಲ, ಎಲ್ಲರೂ ಬಳಸುವ ಜಾಗದಲ್ಲಿ ನಾಯಿಯನ್ನು ಬೆಲ್ಟು ಹಾಕಿ ಕೈಯಲ್ಲಿ ಹಿಡಿದುಕೊಂಡು ಹೋಗಬೇಕು.

ಪಾಲಿಕೆ, ನಗರಸಭೆ, ಪಟ್ಟಣ ಪಂಚಾಯಿತಿಗಳಿಗೆ ನಾಯಿ ಪರವಾನಗಿ, ಲಸಿಕೆ ಕುರಿತು ತಮ್ಮದೇ ಉಪವಿಧಿಗಳು ಇರಬಹುದು. ನಿಮ್ಮ ಊರಿನ ಸ್ಥಳೀಯ ಸಂಸ್ಥೆಯ ಆರೋಗ್ಯ ವಿಭಾಗದಲ್ಲಿ ಅಥವಾ ಪಶುಸಂಗೋಪನಾ ವಿಭಾಗದಲ್ಲಿ ಒಮ್ಮೆ ವಿಚಾರಿಸಿ. ಆ ಉಪವಿಧಿಗಳೆಲ್ಲ ಕೇಂದ್ರ ಕಾಯ್ದೆಯ ಕೆಳಗೇ ನಿಲ್ಲುವಂಥವು.

ಹಂತ 2: "ಅನುಚಿತ" ಎಂದರೆ ಎಷ್ಟು? ಅಳತೆ ಹಾಕಿ

ನಮ್ಮ ಕಾಯ್ದೆ ಗಂಟೆಯನ್ನೂ ಹೇಳುವುದಿಲ್ಲ, ಅಡಿಯನ್ನೂ ಹೇಳುವುದಿಲ್ಲ. ಯಾವುದು ಉಚಿತ ಎಂದು ತೀರ್ಮಾನಿಸುವುದು ನ್ಯಾಯಾಲಯ. ಅದಕ್ಕೊಂದು ದಿಕ್ಕು ತೋರಿಸಿದ್ದು ಜಲ್ಲಿಕಟ್ಟು ಪ್ರಕರಣದಲ್ಲಿ, 2014ರ ಮೇ 7ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಹಸಿವು ಬಾಯಾರಿಕೆಯಿಂದ, ಭಯ ಸಂಕಟದಿಂದ, ಮೈಗೆ ಹಿತವಲ್ಲದ ಪರಿಸ್ಥಿತಿಯಿಂದ, ನೋವು ಗಾಯ ರೋಗದಿಂದ ಬಿಡುಗಡೆ, ಜೊತೆಗೆ ತನ್ನ ಸಹಜ ವರ್ತನೆಯನ್ನು ತೋರಿಸುವ ಅವಕಾಶ ಎಂಬ ಐದು ಸ್ವಾತಂತ್ರ್ಯಗಳನ್ನು ಅದು ಈ ಕಾಯ್ದೆಯ 3 ಮತ್ತು 11ನೇ ಕಲಂಗಳೊಂದಿಗೆ ಸೇರಿಸಿ ಓದಿತು. ನಾಯಿಯ ಸಹಜ ವರ್ತನೆ ಯಾವುದು? ಮೂಸುವುದು, ಓಡುವುದು, ಮಲಗಿದ ಜಾಗದಿಂದ ದೂರ ಹೋಗಿ ಮಲಮೂತ್ರ ಮಾಡುವುದು, ಮನೆಯವರ ಜೊತೆ ಇರುವುದು. ನಾಲ್ಕು ಅಡಿ ಸರಪಳಿಯಲ್ಲಿ ಈ ನಾಲ್ಕರಲ್ಲಿ ಒಂದೂ ಆಗುವುದಿಲ್ಲ.

ನಿಖರ ಸಂಖ್ಯೆ ಬೇಕೆನ್ನುವವರು ಅಮೆರಿಕದ ಕೆಲವು ರಾಜ್ಯಗಳ ನಿಯಮಗಳನ್ನು ನೋಡಬಹುದು. ಅಲ್ಲಿರುವ ಕನ್ನಡಿಗರು ಇವನ್ನು ಪಾಲಿಸಲೇಬೇಕು, ಇಲ್ಲಿರುವ ನಮಗೆ ಇವು ಒಳ್ಳೆಯ ಅಳತೆಗೋಲು. ಟೆಕ್ಸಾಸ್‌ನಲ್ಲಿ 2022ರ ಜನವರಿ 18ರಿಂದ ಜಾರಿಯಲ್ಲಿರುವ ಕಾನೂನು ನಾಯಿಯನ್ನು ಹೊರಗೆ ಒಂಟಿಯಾಗಿ ಬಿಡುವಾಗ ಸರಪಳಿ ಬಳಸುವುದನ್ನೇ ನಿಷೇಧಿಸಿದೆ. ಹಗ್ಗ ಕನಿಷ್ಠ 10 ಅಡಿ ಇರಬೇಕು, ಅಥವಾ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಐದು ಪಟ್ಟು ಇರಬೇಕು. ಎರಡರಲ್ಲಿ ಯಾವುದು ಹೆಚ್ಚೋ ಅದು. ಹಗ್ಗಕ್ಕೆ ತೂಕ ಕಟ್ಟುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮರ, ಬೇಲಿ, ಗೂಡಿನಂಥ ಅಲುಗಾಡದ ವಸ್ತುವಿಗೆ ಕಟ್ಟುವಂತಿಲ್ಲ. ತಾತ್ಕಾಲಿಕ ಕೆಲಸಕ್ಕೆ ಕಟ್ಟಿದರೂ ದಿನಕ್ಕೆ ಮೂರು ಗಂಟೆ ಮೀರುವಂತಿಲ್ಲ. ಪೆನ್ಸಿಲ್ವೇನಿಯಾದ 2017ರ ಕಾನೂನು ದಿನಕ್ಕೆ 9 ಗಂಟೆಯ ಮಿತಿ ಹಾಕಿ, ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಅರ್ಧ ಗಂಟೆಗಿಂತ ಹೆಚ್ಚು ಕಟ್ಟಬಾರದು ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ ಅದು 32 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳಿಗೆ ಈ ನಿಯಮ ಹಚ್ಚಿ ನೋಡಿ: ಬೆಳಗ್ಗೆ ಒಂಬತ್ತು ಹತ್ತು ಗಂಟೆಯಿಂದ ಸಂಜೆಯವರೆಗೆ ನಾಯಿಯನ್ನು ಹೊರಗೆ ಕಟ್ಟುವ ಹಾಗೇ ಇಲ್ಲ. ಅಮೆರಿಕದ ನಗರಗಳೂ ಕೌಂಟಿಗಳೂ ಇದಕ್ಕಿಂತ ಬಿಗಿಯಾದ ನಿಯಮ ಮಾಡಿರುವುದುಂಟು. ಡಲ್ಲಾಸ್‌ನಲ್ಲೋ ಸನ್ನಿವೇಲ್‌ನಲ್ಲೋ ಇರುವವರು ತಮ್ಮ ನಗರದ ಪ್ರಾಣಿ ನಿಯಂತ್ರಣ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ನನ್ನ ಸಲಹೆ ಇಷ್ಟು. ನೀವು ಮನೆಯಲ್ಲಿದ್ದು ಕಣ್ಣಿಡುವಾಗ ಎರಡು ಮೂರು ಗಂಟೆ ಸಾಕು. ಮನೆಯಲ್ಲಿ ಯಾರೂ ಇಲ್ಲದಾಗ ಹೊರಗೆ ಕಟ್ಟಿ ಹೋಗಬೇಡಿ. ಆರು ತಿಂಗಳೊಳಗಿನ ಮರಿ, ಬೆದೆಗೆ ಬಂದ ಹೆಣ್ಣುನಾಯಿ, ಬಸುರಿ, ಕಾಯಿಲೆಯಲ್ಲಿರುವ ನಾಯಿ, ಮುದಿನಾಯಿ ಇವನ್ನು ಹೊರಗೆ ಕಟ್ಟಲೇಬೇಡಿ.

ಹಂತ 3: ಕೊರಳು ನೋಡಿ, ಆಮೇಲೆ ಬೆಲ್ಟು ಕೊಳ್ಳಿ

ನಾಯಿಯ ಕೊರಳಲ್ಲಿ ಬೆಲ್ಟು ಇರುವ ಜಾಗದಲ್ಲಿ ಕೂದಲನ್ನು ಹಿಮ್ಮುಖವಾಗಿ ಸರಿಸಿ ನೋಡಿ. ಮೊದಲು ಕೂದಲು ಸವೆದು ಒಂದು ಬೋಳು ಪಟ್ಟಿ ಕಾಣುತ್ತದೆ. ಆಮೇಲೆ ಚರ್ಮ ಕೆಂಪಾಗಿ, ಒದ್ದೆಯಾಗಿ, ವಾಸನೆ ಬರುತ್ತದೆ. ಮಳೆಗಾಲದಲ್ಲಿ ಅದೇ ಹುಣ್ಣಾಗಿ ನೊಣ ಕೂತು ಹುಳ ಬೀಳಲು ಎರಡು ಮೂರು ದಿನ ಸಾಕು. ಮರಿಯಾಗಿದ್ದಾಗ ಹಾಕಿದ ಬೆಲ್ಟನ್ನೇ ಬಿಟ್ಟರೆ ಕೊರಳು ಬೆಳೆದು ಬೆಲ್ಟು ಮಾಂಸದೊಳಗೆ ಇಳಿಯುತ್ತದೆ, ಹೊರಗಿನಿಂದ ನೋಡಿದರೆ ಕೂದಲು ಮುಚ್ಚಿರುವುದರಿಂದ ಗೊತ್ತೂ ಆಗುವುದಿಲ್ಲ. ಅಂಥ ಬೆಲ್ಟನ್ನು ನೀವೇ ಕಿತ್ತು ತೆಗೆಯಲು ಹೋಗಬೇಡಿ, ಪಶುವೈದ್ಯರಿಂದಲೇ ತೆಗೆಸಿ.

ಬೆಲ್ಟು ಅಗಲವಾಗಿರಲಿ, ಮೆತ್ತಗಿರಲಿ. ಕೊರಳಿಗೂ ಬೆಲ್ಟಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಬೆಳೆಯುವ ಮರಿಗಾದರೆ ವಾರಕ್ಕೊಮ್ಮೆ ಬೆರಳು ಹಾಕಿ ನೋಡಿ. ಎಳೆದಷ್ಟೂ ಬಿಗಿಯುವ ಕುಣಿಕೆ ಸರಪಳಿ, ಮುಳ್ಳಿನ ಬೆಲ್ಟು ಹಾಕಿ ಯಾವತ್ತೂ ಕಟ್ಟಬೇಡಿ. ಎದೆಗೆ ಹಾಕುವ ಹಾರ್ನೆಸ್ ಇನ್ನೂ ಒಳ್ಳೆಯದು, ನಾಯಿ ಜಗ್ಗಿದರೂ ಗಂಟಲು ಒತ್ತುವುದಿಲ್ಲ. ಆದರೆ ಹಾರ್ನೆಸ್ ಹಾಕಿ ದಿನವಿಡೀ ಬಿಟ್ಟರೆ ಕಂಕುಳಲ್ಲಿ ಉಜ್ಜಿ ಗಾಯವಾಗುತ್ತದೆ, ಬಿಚ್ಚಿದಾಗ ಅದನ್ನೂ ತೆಗೆಯಿರಿ. ಮುಧೋಳ ನಾಯಿ ಸಾಕಿದವರು ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಅದರದು ತೆಳು ಚರ್ಮ, ಗಿಡ್ಡ ಕೂದಲು, ಮೈಯಲ್ಲಿ ಕೊಬ್ಬೇ ಇಲ್ಲ; ಸರಪಳಿ ಬೇಗ ಕಚ್ಚುತ್ತದೆ. ಮೊಲದ ಹಿಂದೆ ಬಯಲಲ್ಲಿ ಓಡಲೆಂದೇ ಬೆಳೆಸಿದ ತಳಿಯನ್ನು ಗೇಟಿಗೆ ಕಟ್ಟಿಡುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ.

ಇನ್ನು ಹಗ್ಗ. ದನಕ್ಕೆ ಕಟ್ಟುವ ಸರಪಳಿಯನ್ನೇ ನಾಯಿಗೂ ಹಾಕುವುದು ಹಳ್ಳಿಗಳಲ್ಲಿ ಮಾಮೂಲು. ಹದಿನೈದು ಕಿಲೋ ತೂಗುವ ನಾಯಿ ಆ ಕಬ್ಬಿಣವನ್ನು ಹಗಲಿರುಳು ಕೊರಳಲ್ಲಿ ಹೊರುತ್ತದೆ. ಎಫ್ ಖಂಡ "ಭಾರವಾದ ಸರಪಳಿ" ಎಂದಿರುವುದು ಇದನ್ನೇ. ತೆಂಗಿನ ನಾರಿನ ಹಗ್ಗ ಒರಟು, ತೆಳುವಾದ ನೈಲಾನ್ ಹಗ್ಗ ಕಾಲಿಗೆ ಸುತ್ತಿಕೊಂಡರೆ ಚರ್ಮ ಸೀಳುತ್ತದೆ. ಪ್ಲಾಸ್ಟಿಕ್ ಹೊದಿಕೆ ಇರುವ ಹಗುರ ಉಕ್ಕಿನ ಕೇಬಲ್ ಒಳ್ಳೆಯದು, ನಾಯಿ ಅದನ್ನು ಕಡಿಯಲೂ ಆಗುವುದಿಲ್ಲ. ಎರಡು ತುದಿಯಲ್ಲೂ ತಿರುಗುವ ಕೊಂಡಿ ಇರಲೇಬೇಕು. ಅದಿಲ್ಲದಿದ್ದರೆ ನಾಯಿ ಸುತ್ತಿದಂತೆ ಹಗ್ಗ ಹುರಿಗೊಂಡು ಗಿಡ್ಡವಾಗುತ್ತ ಹೋಗುತ್ತದೆ. ಬೆಳಗ್ಗೆ ಹನ್ನೆರಡು ಅಡಿ ಬಿಟ್ಟು ಹೋದವರು ಸಂಜೆ ಬಂದು ನೋಡಿದರೆ ನಾಯಿ ಕಂಬಕ್ಕೆ ಕೊರಳು ಆನಿಸಿಕೊಂಡು, ಮಲಗಲೂ ಆಗದೆ ನಿಂತಿರುತ್ತದೆ.

ಉದ್ದ ಲೆಕ್ಕ ಹಾಕುವುದು ಸುಲಭ. ನಮ್ಮ ನಾಡತಳಿಯ ನಾಯಿ ಮೂಗಿನಿಂದ ಬಾಲದ ಬುಡಕ್ಕೆ ಸುಮಾರು ಎರಡೂವರೆ ಅಡಿ ಇದ್ದರೆ ಅದರ ಐದು ಪಟ್ಟು, ಅಂದರೆ ಹನ್ನೆರಡೂವರೆ ಅಡಿ. ಮೂರು ಅಡಿಯ ಲ್ಯಾಬ್ರಡಾರ್ ಆದರೆ ಹದಿನೈದು.

ಹಂತ 4: ಜಾಗ ಆರಿಸುವಾಗ ನಾಯಿಯ ಎತ್ತರದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ

ಕಟ್ಟಿದ ನಾಯಿ ಸಾಯುವುದು ಹೆಚ್ಚಾಗಿ ಜಾಗದ ತಪ್ಪಿನಿಂದ. ಕಾಂಪೌಂಡ್ ಗೋಡೆ, ಜಗುಲಿ, ಮೆಟ್ಟಿಲು, ಮಹಡಿಯ ಕಟಕಟೆ ಇವುಗಳ ಹತ್ತಿರ ಕಟ್ಟಬೇಡಿ. ಬೆಕ್ಕನ್ನೋ ಕೋತಿಯನ್ನೋ ಕಂಡು ನಾಯಿ ಗೋಡೆ ಹಾರುತ್ತದೆ, ಹಗ್ಗ ಆಚೆ ನೆಲ ಮುಟ್ಟುವಷ್ಟು ಇಲ್ಲದಿದ್ದರೆ ಅಲ್ಲೇ ನೇತಾಡಿ ಉಸಿರುಗಟ್ಟುತ್ತದೆ. ತೆಂಗಿನ ಮರದ ಕೆಳಗೆ ಕಟ್ಟಬೇಡಿ. ಕಾಯಿ, ಗರಿ ಬಿದ್ದರೆ ತಪ್ಪಿಸಿಕೊಳ್ಳಲು ಅದಕ್ಕೆ ದಾರಿ ಇಲ್ಲ. ಕಾರು, ಟ್ರ್ಯಾಕ್ಟರು, ಬೈಕಿಗೆ ಕಟ್ಟಬೇಡಿ, ಮರೆತು ಗಾಡಿ ತೆಗೆಯುವವರು ಇದ್ದಾರೆ. ಸೌದೆ ರಾಶಿ, ಕಲ್ಲಿನ ಕಟ್ಟೆ, ಹುತ್ತದ ಬಳಿಯೂ ಬೇಡ. ನಾಗರ ಬಂದರೆ ಬಿಟ್ಟ ನಾಯಿ ದೂರ ನಿಂತು ಬೊಗಳುತ್ತದೆ, ಕಟ್ಟಿದ ನಾಯಿ ಕಚ್ಚಿಸಿಕೊಳ್ಳುತ್ತದೆ.

ಮಲೆನಾಡು, ತುಮಕೂರು, ರಾಮನಗರ, ಮೈಸೂರು ಕಡೆಯ ಓದುಗರಿಗೆ ಇನ್ನೊಂದು ಮಾತು. ಚಿರತೆಗೆ ನಾಯಿ ಮೆಚ್ಚಿನ ಬೇಟೆ. ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಅದಕ್ಕೆ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ. ಕಾವಲಿಗೆಂದು ಕಟ್ಟಿದ್ದು ಚಿರತೆಯನ್ನು ಮನೆ ಬಾಗಿಲಿಗೆ ಕರೆಸಿದಂತಾಗುತ್ತದೆ. ಅಲ್ಲಿ ರಾತ್ರಿ ನಾಯಿ ಒಳಗಿರಲಿ, ಇಲ್ಲವೇ ನಾಲ್ಕೂ ಕಡೆ ಮತ್ತು ಮೇಲೆ ಗಟ್ಟಿ ಬಲೆ ಇರುವ ಕೋಣೆಯಲ್ಲಿರಲಿ.

ನೆರಳು ಎಂದರೆ ಮಧ್ಯಾಹ್ನ ಎರಡು ಗಂಟೆಗೂ ಇರುವ ನೆರಳು. ಬೆಳಗ್ಗೆ ಏಳಕ್ಕೆ ನೆರಳಿದ್ದ ಜಾಗದಲ್ಲಿ ಹನ್ನೆರಡಕ್ಕೆ ಬಿಸಿಲು ಸುಡುತ್ತಿರುತ್ತದೆ, ಹಾಗಾಗಿ ಒಂದು ದಿನ ಪೂರ್ತಿ ನೆರಳು ಹೇಗೆ ಸರಿಯುತ್ತದೆ ಎಂದು ನೋಡಿ ಜಾಗ ಗೊತ್ತುಮಾಡಿ. ತಗಡಿನ ಶೀಟಿನ ಗೂಡು ಬೇಸಿಗೆಯಲ್ಲಿ ಒಲೆಯಷ್ಟು ಕಾಯುತ್ತದೆ; ಮೇಲೆ ತೆಂಗಿನ ಗರಿಯನ್ನೋ ಹುಲ್ಲನ್ನೋ ಹೊದಿಸಿ. ಗೂಡಿನ ನೆಲ ನಾಲ್ಕಾರು ಇಂಚು ಎತ್ತರದಲ್ಲಿರಲಿ, ಮಳೆನೀರು ಒಳಗೆ ಹರಿಯಬಾರದು. ಒಳಗೆ ಒಣ ಗೋಣಿಚೀಲ ಹಾಸಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ಉಣ್ಣೆ, ಚಿಗಟ ಸೇರುವುದು ಅಲ್ಲೇ. ನೀರಿನ ಪಾತ್ರೆ ಮಗುಚದ ಹಾಗೆ ಭಾರವಾಗಿರಲಿ. ರುಬ್ಬುವ ಕಲ್ಲಿನ ಹಳೆಯ ಒರಳು ಇದ್ದರೆ ಅದಕ್ಕಿಂತ ಒಳ್ಳೆಯ ಪಾತ್ರೆ ಬೇರೆ ಬೇಡ. ಹದಿನೈದು ಕಿಲೋ ನಾಯಿಗೆ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಹಂತ 5: ಗೂಟದ ಬದಲು ತಂತಿ ಕಟ್ಟಿ

ಕಟ್ಟಲೇಬೇಕಾದ ಅನಿವಾರ್ಯ ಇದ್ದವರಿಗೆ ನಾನು ಹೇಳುವ ಒಂದೇ ಒಂದು ವ್ಯವಸ್ಥೆ ಇದು. ಎರಡು ಗಟ್ಟಿ ಕಂಬಗಳ ನಡುವೆ, ಆಳೆತ್ತರಕ್ಕಿಂತ ತುಸು ಮೇಲೆ, ಸುಮಾರು ಏಳು ಅಡಿ ಎತ್ತರದಲ್ಲಿ ಉಕ್ಕಿನ ತಂತಿಹಗ್ಗ ಎಳೆದು ಬಿಗಿಯಿರಿ. ಇಪ್ಪತ್ತರಿಂದ ಮೂವತ್ತು ಅಡಿ ಉದ್ದವಿದ್ದರೆ ಚೆನ್ನ. ತಂತಿಯ ಮೇಲೆ ಓಡಾಡುವ ಚಿಕ್ಕ ರಾಟೆ, ರಾಟೆಯಿಂದ ಇಳಿಬಿಟ್ಟ ಹಗ್ಗ, ಹಗ್ಗದ ತುದಿಗೆ ತಿರುಗುವ ಕೊಂಡಿ, ಕೊಂಡಿಗೆ ಹಾರ್ನೆಸ್. ಇಳಿಬಿಟ್ಟ ಹಗ್ಗ ನಾಯಿ ಆರಾಮಾಗಿ ಮಲಗಿ ಉರುಳುವಷ್ಟು ಉದ್ದವಿರಬೇಕು, ಕಾಲಿಗೆ ಸಿಕ್ಕಿಕೊಳ್ಳುವಷ್ಟು ಸಡಿಲ ಇರಬಾರದು. ಎರಡೂ ಕಂಬಗಳಿಗೆ ಆ ಹಗ್ಗದ ಉದ್ದಕ್ಕಿಂತ ಸ್ವಲ್ಪ ದೂರದಲ್ಲಿ ತಂತಿಗೆ ಒಂದೊಂದು ತಡೆ ಹಾಕಿ, ಆಗ ರಾಟೆ ಕಂಬದವರೆಗೆ ಹೋಗುವುದಿಲ್ಲ, ನಾಯಿ ಕಂಬಕ್ಕೆ ಸುತ್ತಿಕೊಳ್ಳುವುದಿಲ್ಲ. ಓಡುವ ಜಾಗದಲ್ಲಿ ಗಿಡ, ಕಲ್ಲು, ಬಕೆಟ್ಟು ಏನೂ ಇರಬಾರದು. ಗೂಡೂ ನೀರೂ ತಂತಿಯ ಒಂದು ಬದಿಯಲ್ಲಿ, ನಾಯಿಗೆ ಎಟಕುವ ಹಾಗೆ ಇರಲಿ. ಮೊದಲ ದಿನ ಒಂದು ಗಂಟೆ ಪಕ್ಕದಲ್ಲೇ ಕೂತು, ಅದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಿ ಸರಿಪಡಿಸಿ.

ಇಷ್ಟು ಮಾಡಿದರೂ ಜಿ ಖಂಡ ಕೇಳುವ ವ್ಯಾಯಾಮ ಪ್ರತ್ಯೇಕ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕೈಯಲ್ಲಿ ಹಿಡಿದು ನಡೆಸುವುದು ಕನಿಷ್ಠ. ತಂತಿಯ ಕೆಳಗೆ ಅತ್ತಿತ್ತ ಓಡಿದ್ದು ಇದಕ್ಕೆ ಲೆಕ್ಕವಲ್ಲ.

ಬೇಸಿಗೆಯಲ್ಲಿ ನಾಯಿ ವಿಪರೀತ ತೇಕುತ್ತಿದ್ದರೆ, ಜೊಲ್ಲು ದಪ್ಪಗೆ ಸುರಿಯುತ್ತಿದ್ದರೆ, ವಸಡು ಕಡುಕೆಂಪಾಗಿದ್ದರೆ, ನಡೆಯುವಾಗ ತೂರಾಡಿದರೆ ಅದು ಬಿಸಿಲಾಘಾತ. ತಕ್ಷಣ ಬಿಚ್ಚಿ ನೆರಳಿಗೆ ತನ್ನಿ, ಮೈಮೇಲೆ ಮಾಮೂಲಿ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ಪಶುವೈದ್ಯರ ಬಳಿಗೆ ಹೊರಡಿ. ದೀಪಾವಳಿಯ ಮೂರು ನಾಲ್ಕು ದಿನ, ಊರಹಬ್ಬದ ಪಟಾಕಿ, ಗುಡುಗು ಸಿಡಿಲಿನ ರಾತ್ರಿಗಳಲ್ಲಿ ಯಾವ ನಾಯಿಯನ್ನೂ ಹೊರಗೆ ಕಟ್ಟಬೇಡಿ. ಹೆದರಿದ ನಾಯಿ ಕೊರಳು ಹರಿದುಕೊಂಡಾದರೂ ಓಡಲು ನೋಡುತ್ತದೆ.

ಹಂತ 6: ಸರಪಳಿಯಿಂದ ಬಿಡಿಸುವ ದಾರಿ ಹುಡುಕಿ

"ಬಿಟ್ಟರೆ ಕಚ್ಚುತ್ತೆ ಸಾರ್, ಅದಕ್ಕೇ ಕಟ್ಟೋದು." ಈ ಮಾತಿನಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಕೇಳಿಕೊಳ್ಳಬೇಕು. ಅಮೆರಿಕದ ಡೆನ್ವರ್‌ನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಚ್ಚಿದ ನಾಯಿಗಳನ್ನೂ ಕಚ್ಚದ ನಾಯಿಗಳನ್ನೂ ಹೋಲಿಸಿ ನೋಡಿತು. ಕಚ್ಚಿದವುಗಳಲ್ಲಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟುತ್ತಿದ್ದ ನಾಯಿಗಳು ಗಮನಾರ್ಹವಾಗಿ ಹೆಚ್ಚಿದ್ದವು. ಕಟ್ಟಿದ ನಾಯಿಗೆ ಹೆದರಿದಾಗ ಓಡುವ ದಾರಿ ಇರುವುದಿಲ್ಲ. ಉಳಿಯುವುದು ಎದುರಿಗೆ ಬಂದವರ ಮೇಲೆ ಎಗರುವುದೊಂದೇ. ಚೆಂಡು ತರಲು ಹೋದ ಮಕ್ಕಳು ಕಚ್ಚಿಸಿಕೊಳ್ಳುವುದು ಹೀಗೆ.

ಬಿಡಿಸಲು ದುಬಾರಿ ಏರ್ಪಾಟು ಬೇಕಿಲ್ಲ. ಕಾಂಪೌಂಡಿನ ಗೇಟಿನ ಕೆಳಗಿನ ಸಂದಿ ಮುಚ್ಚಿ, ಹಿತ್ತಲಿನ ಒಂದು ಭಾಗಕ್ಕೆ ಆರಡಿ ಎತ್ತರದ ತಂತಿಬಲೆ ಹಾಕಿಸಿದರೆ ಸಾಕು. ಬಲೆಯ ಕೋಣೆ ಮಾಡುವವರು ಅದನ್ನು ಪಂಜರವಾಗಿಸಬೇಡಿ; ಓಡಾಡಲು ಎಡೆಯಿಲ್ಲದ ಪಂಜರದಲ್ಲಿಡುವುದೂ ಇದೇ 11ನೇ ಕಲಂನ ಇ ಖಂಡದಲ್ಲಿ ಅಪರಾಧ. ಗಂಡುನಾಯಿ ಊರೂರು ಅಲೆಯುತ್ತದೆ ಎಂದು ಕಟ್ಟುತ್ತಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಅಲೆದಾಟ ಬಹುಪಾಲು ತಗ್ಗುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುಪ್ರಾಣಿಗೆ ಲಸಿಕೆ, ಜಂತುಹುಳುವಿನ ಔಷಧಿ, ಸಂತಾನಹರಣ ಮಾಡಿಸುವ ಹೊಣೆ ಮಾಲೀಕರದ್ದೇ.

ವರ್ಷಗಟ್ಟಲೆ ಕಟ್ಟಿದ್ದ ನಾಯಿಯನ್ನು ಒಮ್ಮೆಲೇ ಬಿಟ್ಟುಬಿಡಬೇಡಿ. ಮೊದಲ ವಾರ ಉದ್ದನೆಯ ಹಗ್ಗ ಹಿಡಿದು ಅಂಗಳದಲ್ಲೇ ಸುತ್ತಾಡಿಸಿ, ಮೂಸಲು ಬಿಡಿ. ಕರೆದಾಗ ಬಂದರೆ ತುಂಡು ರೊಟ್ಟಿಯನ್ನೋ ಮೊಟ್ಟೆಯನ್ನೋ ಕೊಡಿ. ಆಮೇಲೆ ಗೇಟು ಮುಚ್ಚಿ, ಮಕ್ಕಳಿಲ್ಲದ ಹೊತ್ತು ನೋಡಿ ಬಿಚ್ಚಿ.

ಹಂತ 7: ಪಕ್ಕದ ಮನೆಯ ನಾಯಿ ಸರಪಳಿಯಲ್ಲಿದ್ದರೆ

ಮೊದಲು ಮಾತು. ಕಾನೂನಿನ ಮಾತು ಎತ್ತಬೇಡಿ. "ಅಣ್ಣಾ, ಎರಡು ದಿನದಿಂದ ನಿಮ್ಮ ನಾಯಿ ರಾತ್ರಿಯೆಲ್ಲ ಕೂಗ್ತಾ ಇದೆ, ಹುಷಾರಿಲ್ವಾ?" ಎಂದು ಕೇಳಿ. ಬಹಳ ಮನೆಗಳಲ್ಲಿ ಕಟ್ಟುವವರು ಒಬ್ಬರು, ನೋಡಿಕೊಳ್ಳುವವರು ಇನ್ನೊಬ್ಬರು. ಅಲ್ಲಿ ಕೆಲಸ ಸುಸೂತ್ರವಾಗುವುದು ಅಡುಗೆಮನೆಯ ಬಾಗಿಲಲ್ಲಿ: "ಅಕ್ಕಾ, ಸಂಜೆ ನಾನು ನಮ್ಮ ನಾಯಿ ಜೊತೆ ನಿಮ್ದನ್ನೂ ಒಂದು ಸುತ್ತು ಕರ್ಕೊಂಡು ಹೋಗ್ಲಾ?" ಒಂದು ಹಾರ್ನೆಸ್, ಒಂದು ಉದ್ದ ಹಗ್ಗ ಕೊಂಡು ಕೊಟ್ಟರೆ ಎಷ್ಟೋ ಕಡೆ ವಿಷಯ ಅಲ್ಲಿಗೇ ಮುಗಿಯುತ್ತದೆ.

ಮಾತು ಫಲಿಸದಿದ್ದರೆ ಸಾಕ್ಷ್ಯ ಕೂಡಿಡಿ. ಒಂದೇ ಫೋಟೊ ನೋಡಿ ಯಾರೂ ಏನೂ ತೀರ್ಮಾನಿಸಲಾರರು, "ಈಗಷ್ಟೇ ಕಟ್ಟಿದ್ದು" ಎಂದರೆ ಮುಗಿಯಿತು. ಒಂದು ವಾರ, ದಿನಕ್ಕೆ ನಾಲ್ಕು ಸಲ, ಬೆಳಗ್ಗೆ, ನಡುಮಧ್ಯಾಹ್ನ, ಸಂಜೆ, ರಾತ್ರಿ, ಒಂದೇ ಜಾಗದಲ್ಲಿ ನಿಂತು ದಿನಾಂಕ ಸಮಯ ಬರುವ ಹಾಗೆ ಚಿತ್ರ ತೆಗೆಯಿರಿ. ಸರಪಳಿಯ ಉದ್ದ ತಿಳಿಯಲು ಪಕ್ಕದ ಮೆಟ್ಟಿಲೋ ಸ್ಕೂಟರೋ ಚಿತ್ರದಲ್ಲಿ ಬರಲಿ. ನೀರಿನ ಪಾತ್ರೆ ಖಾಲಿಯೇ, ನೆರಳು ಇದೆಯೇ, ಮಲ ನಾಯಿಯ ಪಕ್ಕದಲ್ಲೇ ಬಿದ್ದಿದೆಯೇ, ಮಣ್ಣು ಸರಪಳಿಯಷ್ಟೇ ಅಗಲಕ್ಕೆ ವೃತ್ತಾಕಾರವಾಗಿ ಸವೆದಿದೆಯೇ ನೋಡಿ. ಆ ಸವೆದ ವೃತ್ತ ಬಲವಾದ ಸಾಕ್ಷಿ. ರಸ್ತೆಯಿಂದಲೋ ನಿಮ್ಮ ಮಹಡಿಯಿಂದಲೋ ಮಾತ್ರ ಚಿತ್ರ ತೆಗೆಯಿರಿ. ಅವರ ಕಾಂಪೌಂಡು ಹಾರಬೇಡಿ, ರಾತ್ರೋರಾತ್ರಿ ಸರಪಳಿ ಕತ್ತರಿಸಿ ನಾಯಿಯನ್ನು ಒಯ್ಯಬೇಡಿ. ಅತಿಕ್ರಮ ಪ್ರವೇಶ ಮತ್ತು ಕಳ್ಳತನದ ದೂರು ನಿಮ್ಮ ಮೇಲೆ ಬರುತ್ತದೆ, ನಾಯಿ ಮತ್ತೆ ಅದೇ ಗೂಟಕ್ಕೆ ಹೋಗುತ್ತದೆ. ಮನೆಯವರ ಮುಖ, ಮನೆ ನಂಬರು ಸಮೇತ ವಿಡಿಯೊ ಹಾಕಿ ಹರಿಬಿಡುವುದೂ ಬೇಡ.

ಗಡುವು ನೆನಪಿರಲಿ. ಕ್ರೌರ್ಯ ತಡೆ ಕಾಯ್ದೆಯ 36ನೇ ಕಲಂ ಪ್ರಕಾರ ಅಪರಾಧ ನಡೆದ ಮೂರು ತಿಂಗಳೊಳಗೆ ಪ್ರಕರಣ ಹೂಡಬೇಕು.

ಹಂತ 8: ಬರಹದಲ್ಲಿ ದೂರು ಕೊಡಿ

ದೂರು ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಗೆ. ಪ್ರತಿಗಳು ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ತಾಲ್ಲೂಕು ಸಹಾಯಕ ನಿರ್ದೇಶಕರಿಗೆ ಮತ್ತು ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ. ಪ್ರತಿ ಜಿಲ್ಲೆಯಲ್ಲೂ ಇಂಥ ಸಂಘ ಇರಬೇಕೆಂದು 2001ರ ಕೇಂದ್ರ ನಿಯಮಗಳೇ ಹೇಳುತ್ತವೆ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳ ನೆರವನ್ನೂ ಕೇಳಬಹುದು. ದೂರು ಉದ್ದ ಬೇಡ. ಹೀಗಿರಲಿ:

"ಗೆ, ಪೊಲೀಸ್ ಇನ್ಸ್‌ಪೆಕ್ಟರ್, ______ ಠಾಣೆ. ಮಾನ್ಯರೇ, ವಿಷಯ: ಸಾಕುನಾಯಿಯನ್ನು ನಿರಂತರವಾಗಿ ಗಿಡ್ಡ ಸರಪಳಿಯಲ್ಲಿ ಕಟ್ಟಿ ಹಿಂಸಿಸುತ್ತಿರುವ ಬಗ್ಗೆ. ______ ವಿಳಾಸದ ಮನೆಯ ಮುಂಭಾಗದಲ್ಲಿ ಕಂದು ಬಣ್ಣದ ಒಂದು ನಾಯಿಯನ್ನು ದಿನಾಂಕ ______ ರಿಂದ ______ ರವರೆಗೆ ಹಗಲು ರಾತ್ರಿ ಸುಮಾರು ______ ಅಡಿ ಸರಪಳಿಯಲ್ಲಿ ಕಟ್ಟಿರುವುದನ್ನು, ಆ ಅವಧಿಯಲ್ಲಿ ಒಮ್ಮೆಯೂ ಬಿಚ್ಚಿ ಓಡಾಡಿಸದಿರುವುದನ್ನು ನಾನು ನೋಡಿರುತ್ತೇನೆ. ನಾಯಿಗೆ ನೆರಳು ಹಾಗೂ ನೀರಿನ ವ್ಯವಸ್ಥೆ ಇರುವುದಿಲ್ಲ, ಕೊರಳಲ್ಲಿ ಗಾಯ ಇರುತ್ತದೆ. ಇದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಕಲಂ 11(1)ರ ಎಫ್, ಜಿ ಮತ್ತು ಎಚ್ ಖಂಡಗಳ ಅಡಿ ಅಪರಾಧವಾಗಿರುತ್ತದೆ. ಕಲಂ 34ರ ಅಡಿ ನಾಯಿಯನ್ನು ಪಶುವೈದ್ಯಾಧಿ­ಕಾರಿಯಿಂದ ಪರೀಕ್ಷೆಗೆ ಒಳಪಡಿಸಿ ಮುಂದಿನ ಕ್ರಮ ಜರುಗಿಸಲು ಕೋರುತ್ತೇನೆ. ಲಗತ್ತು: ದಿನಾಂಕ ಸಹಿತ ಫೋಟೊಗಳು."

ನೋಡದ್ದನ್ನು ಬರೆಯಬೇಡಿ. ಗಾಯ ಕಂಡಿಲ್ಲವಾದರೆ ಆ ಸಾಲು ತೆಗೆಯಿರಿ.

ಠಾಣೆಯಲ್ಲಿ "ಇದು ಅಸಂಜ್ಞೇಯ ಅಪರಾಧ, ಎಫ್‌ಐಆರ್ ಆಗಲ್ಲ" ಎಂದರೆ ಅದು ಸುಳ್ಳಲ್ಲ. ಕಟ್ಟಿಹಾಕುವ ಅಪರಾಧದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಪ್ರಕಾರ ದೂರಿನ ಸಾರಾಂಶವನ್ನು ಪುಸ್ತಕದಲ್ಲಿ ನಮೂದಿಸಿ ನಿಮ್ಮನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕು. ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಸಂಖ್ಯೆ ಕೇಳಿ ಪಡೆಯಿರಿ, ಹಿಂಬರಹ ತೆಗೆದುಕೊಳ್ಳದೆ ಠಾಣೆಯಿಂದ ಬರಬೇಡಿ. ಆ ಹಾಳೆ ಮುಂದೆ ಕೋರ್ಟಿನಲ್ಲಿ ಬೇಕಾಗುತ್ತದೆ. ನಾಯಿಗೆ ಯಾರಾದರೂ ವಿಷ ಹಾಕಿದ್ದರೆ, ಹೊಡೆದು ಅಂಗ ಊನ ಮಾಡಿದ್ದರೆ ಲೆಕ್ಕವೇ ಬೇರೆ: ನ್ಯಾಯ ಸಂಹಿತೆಯ 325ನೇ ಕಲಂ ಅಡಿ 5 ವರ್ಷದವರೆಗೆ ಶಿಕ್ಷೆ ಇದೆ, ಅದು ಸಂಜ್ಞೇಯ.

ನಾಯಿ ಸಾಯುವ ಸ್ಥಿತಿಯಲ್ಲಿದ್ದರೆ ಈ ಸುತ್ತು ಬೇಡ, 112ಕ್ಕೆ ಕರೆ ಮಾಡಿ. ಕ್ರೌರ್ಯ ತಡೆ ಕಾಯ್ದೆಯ 34ನೇ ಕಲಂ ಪ್ರಕಾರ ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಯಾವುದೇ ಪೊಲೀಸ್ ಅಧಿಕಾರಿ, ಅಗತ್ಯ ಕಂಡರೆ ನಾಯಿಯನ್ನು ವಶಕ್ಕೆ ಪಡೆದು ಪಶುವೈದ್ಯರ ಮುಂದೋ ಮ್ಯಾಜಿಸ್ಟ್ರೇಟರ ಮುಂದೋ ಹಾಜರುಪಡಿಸಬಹುದು. ಬಂದ ಅಧಿಕಾರಿಗೆ ಈ ಕಲಂನ ಪ್ರತಿ ತೋರಿಸಿ. ಎಷ್ಟೋ ಠಾಣೆಗಳಲ್ಲಿ ಇದನ್ನು ಬಳಸಿದವರೇ ಕಡಿಮೆ, ಹಾಗಾಗಿ ವಿನಯದಿಂದಲೇ ನೆನಪಿಸಬೇಕಾಗುತ್ತದೆ.

ಹಂತ 9: ಕೋರ್ಟಿಗೆ ಹೋಗುವುದಾದರೆ

ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ ಅಡಿ ನೀವೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಖಾಸಗಿ ದೂರು ಹೂಡಬಹುದು. ಫೋಟೊಗಳು, ಹಿಂಬರಹ, ಪಶುವೈದ್ಯರ ವರದಿ ಇದ್ದರೆ ಅದು, ನೋಡಿದ ಇನ್ನೊಬ್ಬ ನೆರೆಯವರ ಹೇಳಿಕೆ ಇಷ್ಟು ಜೋಡಿಸಿಕೊಳ್ಳಿ. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ವಿಚಾರಣೆ ಮುಗಿಯುವವರೆಗೆ ನಾಯಿ ಎಲ್ಲಿರಬೇಕು ಎಂಬುದನ್ನು ಕ್ರೌರ್ಯ ತಡೆ ಕಾಯ್ದೆಯ 35ನೇ ಕಲಂ ನೋಡಿಕೊಳ್ಳುತ್ತದೆ. ಮ್ಯಾಜಿಸ್ಟ್ರೇಟರು ಅದನ್ನು ಚಿಕಿತ್ಸಾಲಯಕ್ಕೋ ಆಶ್ರಯಧಾಮಕ್ಕೋ ಕಳಿಸಬಹುದು, ಅದರ ಖರ್ಚನ್ನು ಮಾಲೀಕರೇ ಭರಿಸಬೇಕಾಗುತ್ತದೆ. ಹತ್ತು ರೂಪಾಯಿ ದಂಡಕ್ಕೆ ನಕ್ಕವರು ಈ ಖರ್ಚಿನ ಮಾತು ಬಂದಾಗ ಗಂಭೀರರಾಗುತ್ತಾರೆ. ಅಪರಾಧ ಸಾಬೀತಾದ ಮೇಲೆ, ನಾಯಿಯನ್ನು ವಾಪಸು ಕೊಟ್ಟರೆ ಮತ್ತೆ ಹಿಂಸೆಗೆ ಗುರಿಯಾಗುತ್ತದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ 29ನೇ ಕಲಂ ಅಡಿ ಮಾಲೀಕತ್ವವನ್ನೇ ಕಿತ್ತುಕೊಳ್ಳಬಹುದು. ಅದಕ್ಕೆ ಆ ವ್ಯಕ್ತಿಯ ಹಿಂದಿನ ಶಿಕ್ಷೆಯ ದಾಖಲೆ, ನಡತೆ, ನಾಯಿಯನ್ನು ನಡೆಸಿಕೊಂಡ ರೀತಿ ಇವುಗಳಲ್ಲಿ ಯಾವುದಾದರೂ ಒಂದರ ಸಾಕ್ಷ್ಯ ಬೇಕು. ನೀವು ಏಳನೇ ಹಂತದಲ್ಲಿ ತೆಗೆದಿಟ್ಟ ದಿನಾಂಕದ ಚಿತ್ರಗಳು ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ. ಬಿಡಿಸಿದ ನಾಯಿ ಹೋಗುವುದೆಲ್ಲಿಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ, ಆಶ್ರಯಧಾಮಗಳಲ್ಲಿ ಜಾಗ ಸಿಗುವುದು ಕಷ್ಟ. ಖಾಸಗಿ ದೂರು ಹೂಡುವ ಮೊದಲೇ ಅದನ್ನು ಸಾಕಲು ಒಪ್ಪುವ ಒಂದು ಮನೆಯನ್ನು ಹುಡುಕಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ದೂರಿನ ಜೊತೆ ಲಗತ್ತಿಸಿ.